ಪೂಜೆ ಮಾಡಿ, ಪ್ರಸಾದ ಮುಟ್ಟಬೇಡಿ

"ಪ್ರಸಾದ ತಿಂದ್ರೆ ಉಪವಾಸ ಕೆಡುತ್ತಾ ಮಾರಾಯ್ತಿ?" ಅಂದಿದ್ರಲ್ಲ ರೀ, ಕೆಟ್ಟಿತು. ಲಿಂಗಪೂಜೆ ಮುಗಿಸಿ ತಟ್ಟೆ ತುಂಬ ಸಜ್ಜಿಗೆ, ಮೇಲೊಂದು ಬಾಳೆಹಣ್ಣು ತಿಂದು ಹೋಗಿದ್ದಕ್ಕೇ ಹೋದ ವಾರ ಸ್ಕ್ಯಾನಿನವರು ವಾಪಸ್ ಕಳಿಸಿದ್ದು.

ಇವತ್ತು ಪೂಜೆ ಮಾಡಿ, ಪ್ರಸಾದ ಬೇಡ. ಶಿವ ಒಂದು ದಿನ ಸಹಿಸ್ಕೊಳ್ತಾನೆ. ಲಿವರಿನ ರಕ್ತನಾಳದಲ್ಲಿ ಹೆಪ್ಪು ಎಲ್ಲಿ ಕಟ್ಟಿದೆ, ಎಷ್ಟು ಕಟ್ಟಿದೆ ಅಂತ ಸಿಟಿ ಸ್ಕ್ಯಾನಲ್ಲಿ ನೋಡದೆ ಮುಂದಿನ ದಾರಿ ಹೇಳಲ್ಲ ಅಂದಿದಾರೆ ಡಾಕ್ಟ್ರು.

ಹಳೇ ರಿಪೋರ್ಟು ಚೀಲದಲ್ಲಿದೆ. ನಾನು ಆನವಟ್ಟಿಗೆ ಹೋಗಿ ತಮ್ಮನ ಕಾರಲ್ಲಿ ಬರ್ತೀನಿ. ಅಷ್ಟರೊಳಗೆ ಅಡುಗೆಮನೆ ಜಾಲಾಡಬೇಡಿ, ಬಾಳೆಗೊನೆ ಪಕ್ಕದ ಗಂಗಾಶ್ರೀ ಮನೆ ಸೇರಿದೆ.

ಈಗ ನಿದ್ದೆಗಣ್ಣಲ್ಲೇ "ಕಾಫಿ ಆಯ್ತಾ?" ಅಂದ್ರಿ. "ಇವತ್ತು ಯಾರಿಗೂ ಇಲ್ಲ" ಅಂದೆ. ನನ್ನ ಲೋಟದ ಕಾಫಿನೂ ದಾಸವಾಳದ ಬುಡಕ್ಕೆ ಸುರಿದೆ.

— ನೀಲಾಂಬಿಕ