ಹೊಸ ಬಣ್ಣದ ಕಪ್ಪೆ ಕಾರು

ನವೆಂಬರ್ ೩, ಸೋಮವಾರ

ಯಾರದು, ನನ್ನ ಪುಸ್ತಕ ತೆರೆದದ್ದು? ನಾಚಿಕೆ ಉಂಟಾ? ಮುದುಕಿಯ ಮೂರನೇ ಕ್ಲಾಸಿನ ಅಕ್ಷರದಲ್ಲಿ ಎಂತ ಹುಡುಕುವುದು? ಮುಚ್ಚಿಡಿ. ನಿಟ್ಟೆ ಹಾಸ್ಟೆಲಿನಿಂದ ಶನಿವಾರ ಬರುವ ಮೊಮ್ಮಗಳು ಆಶ್ರಿತಾ — ನಿನಗೂ ಸೇರಿಯೇ ಹೇಳಿದ್ದು.

ಬೆಳಿಗ್ಗೆ ಇವರ ಕಣ್ಣು ತೋರಿಸಲು ಮಣಿಪಾಲಕ್ಕೆ. ಬದಿಯ ದೃಷ್ಟಿ ಹೋಗಿದೆ, ಪೈಪಿನೊಳಗಿಂದ ನೋಡಿದ ಹಾಗೆ ಎದುರಿನದಷ್ಟೇ ಕಾಣುವುದು, ಡ್ರೈವಿಂಗ್ ಕೂಡದು ಎಂದರು ಡಾಕ್ಟರು. ಇವರು ತಲೆಯಾಡಿಸಿದರು. ಕಾಪುವಿಗೆ ಮುಟ್ಟಿದ್ದೇ ನೇರ ಶೆಡ್ಡಿಗೆ.

ಅಲ್ಲಿ ಎರಡು ಉಂಟು. ದೊಡ್ಡ ಯುದ್ಧ ಮುಗಿದ ಮೇಲಿನ ಇಂಗ್ಲಿಷ್ ಕಾರುಗಳು, ಇಬ್ಬರೇ ಕೂರುವಂಥವು. ಹಸಿರು ಎಂ.ಜಿ. — ಉದ್ದ ಮೂತಿ, ಒಳಗೆ ಮರದ ಚೌಕಟ್ಟು, ಕಾರ್ಕಳದಿಂದ ತಂದ ದಿನದಿಂದ ಉಸಿರಿಲ್ಲ. ಕೆಂಪು ಆಸ್ಟಿನ್ ಹೀಲಿ — ಬಾನೆಟ್ ಮೇಲೆ ಕಪ್ಪೆಗಣ್ಣಿನ ಹಾಗೆ ಎರಡು ಲೈಟು. ಬಾಗಿಲಿಗೆ ಹೊರಗೆ ಹಿಡಿಯೇ ಇಲ್ಲ, ಕೈ ಒಳಗೆ ಹಾಕಿ ತೆಗೆಯಬೇಕು. ಇದು ಓಡುತ್ತದೆ. ತಲೆನೋವು ಇದೇ.

ಒಂದನ್ನು ಮಾರಲು ಒಪ್ಪಿದ್ದಾರೆ. ಯಾವುದೆಂದು ಕೊಳ್ಳುವವನೇ ಹೇಳಲಿ ಅಂತೆ... ಕಪ್ಪೆ ಹೋಗಬೇಕು.

ನವೆಂಬರ್ ೧೨

ಸಂತೆಕಟ್ಟೆಯ ಬ್ಯಾಪ್ಟಿಸ್ಟ್ ಕಪ್ಪೆಗೆ ಪೈಂಟ್ ಹೊಡೆದು ತಂದ. ಸೀಟೂ ಹೊಸತು. ನಾನೇ ಮಾಡಿಸಿದ್ದು. "ಇದಕ್ಕೆ ಎಲ್ಲಿ ಸಂಬಂಧ ನೋಡಿದ್ದೀ ಅಕ್ಕು?" ಎಂದರು ಇವರು.

ಮೀನು ಮಾರಿದವಳು ನಾನು. ಕಿವಿರು ಕೆಂಪಗೆ ಹೊಳೆದರೇ ಗಿರಾಕಿ ನಿಲ್ಲುವುದು. ಹಸಿರಿನ ಮೇಲಿನ ಧೂಳು, ಕೋಳಿ ಹಿಕ್ಕೆ — ಬೇಕೆಂದೇ ಬಿಟ್ಟೆ.

ನವೆಂಬರ್ ೧೬, ಆದಿತ್ಯವಾರ

ಕಾರು ನೋಡಲು ಪ್ರತೀಕ್ ಎಂಬವ ಬಂದ. ಉಡುಪಿಯಲ್ಲಿ ಹೋಟೆಲು, ಹಳೆ ಕಾರು ಕೂಡಿಡುವ ಹುಚ್ಚು. ಟಾರ್ಚ್ ಹಿಡಿದು ಹಸಿರಿನ ಅಡಿಯಲ್ಲಿ ಮಲಗಿಯೇ ಬಿಟ್ಟ.

"ಅದರಲ್ಲಿ ಎಂತ ಉಂಟು ಮಗ, ಕೋಳಿಗೂಡು. ಇದನ್ನು ನೋಡು, ಹೇಗೆ ಫಳಫಳ."

"ಅದೇ ಬೇಜಾರು ಅಮ್ಮ. ಮೊದಲ ಬಣ್ಣ ಕೆರೆಸಿಬಿಟ್ಟಿದ್ದೀರಿ. ಹಸಿರಿನಲ್ಲಿ ಫ್ಯಾಕ್ಟರಿಯ ಬಣ್ಣವೇ ಉಂಟು, ಯಾರೂ ಕೈ ಹಾಕಲಿಲ್ಲ. ನಮಗೆ ಅಂಥದ್ದು ಬೇಕು."

"ಅದು ಓಡುವುದಿಲ್ಲ ಮಾರಾಯ."

"ಓಡಿಸಲಿಕ್ಕೆ ಅಲ್ಲ."

ಹಳಸಿದ್ದನ್ನೇ ಆರಿಸುವ ಗಿರಾಕಿಯನ್ನು ಇವತ್ತೇ ನೋಡಿದ್ದು. ಹಸಿರು ಕಾರು ಲಾರಿ ಹತ್ತಿತು. ಇವರು ಗೋಡೆಗೆ ಒರಗಿ ನಗುತ್ತಿದ್ದರು.

"ಒಳ್ಳೆ ಪೈಂಟ್ ಮಾಡಿಸಿದೆ ಮಾರಾಯ್ತಿ."

ನವೆಂಬರ್ ೨೪, ಸಂಜೆ

ಕೀ ಅಕ್ಕಿ ಡಬ್ಬದಲ್ಲಿ ಅಡಗಿಸಿದ್ದೆ. ತಂತಿ ಜೋಡಿಸಿ ಸ್ಟಾರ್ಟ್ ಮಾಡಿದರು — ಬೋಟಿನ ಇಂಜಿನ್ ಬಿಚ್ಚಿದವರಿಗೆ ಕೀ ಯಾಕೆ. ಒಬ್ಬರನ್ನೇ ಬಿಡಲಾಗದೆ ನಾನೂ ಹತ್ತಿದೆ.

"ಬದಿಯದ್ದು ನೀನು ಹೇಳು. ಎದುರಿನದು ನನಗೆ ಬಿಡು."

ಪೇಟೆಯ ತಿರುವು. ಎಡದಿಂದ ಮೀನು ಮಾರುವ ಸುಗಂಧಿ, ತಲೆಯ ಮೇಲೆ ಬುಟ್ಟಿ. ಕಂಡಿತು ನನಗೆ. ಇಡೀ ಕಾಪು ಹೆದರುವ ಈ ಬಾಯಿ... ತೆರೆಯಲೇ ಇಲ್ಲ. ಅವಳೇ ಹಾರಿ ಚರಂಡಿಗೆ ಬಿದ್ದಳು, ಮೊಣಕೈ ಒಡೆಯಿತು. ಬಂಗುಡೆ ರಸ್ತೆಯಿಡೀ.

"ಎಂತ ಸದ್ದು ಅದು?" ಎಂದು ಕೇಳಿದರು ಇವರು. ಅವಳನ್ನು ಕಂಡೇ ಇರಲಿಲ್ಲ.

ನವೆಂಬರ್ ೨೮, ಶುಕ್ರವಾರ

ನಿನ್ನೆಯೂ ಹೊರಟಿದ್ದರು. ಟಯರಿನ ಗಾಳಿ ತೆಗೆದು ನಿಲ್ಲಿಸಿದೆ. ಆಶ್ರಿತಾ, ನಿನ್ನ ಅಪ್ಪನಿಗೆ ಹೇಳಿದರೆ ಗುಜರಿಗೆ ಹಾಕುತ್ತಾನೆ, ಇವರು ಊಟ ಬಿಡುತ್ತಾರೆ.

ನೀನು ಇದನ್ನು ಓದುವುದು ಗೊತ್ತುಂಟು. ಲೈಸೆನ್ಸ್ ಉಂಟಲ್ಲ ನಿನಗೆ. ಶನಿವಾರ ಬಂದಾಗೆಲ್ಲ ನೀನು ಓಡಿಸು, ಅಜ್ಜ ಬದಿಯಲ್ಲಿ ಕೂತು ಬೈಯಲಿ. ನಾನು ಹೇಳಿದರೆ ಕೇಳುವ ಜನ ಅಲ್ಲ. ನೀನು "ಕಲಿಸಿ ಅಜ್ಜ" ಎಂದರೆ ಸ್ಟಿಯರಿಂಗ್ ಬಿಟ್ಟಾರು. ಹೌದೋ ಅಲ್ಲವೋ, ಇಲ್ಲೇ ಕೆಳಗೆ ಬರಿ. ಡಿಸೆಂಬರ್ ಹುಟ್ಟುವ ಮೊದಲು. ಬಾಯಿ ಬಿಟ್ಟು ಹೇಳಬೇಡ, ಇವರ ಕಿವಿ ಮಾತ್ರ ಇನ್ನೂ — ತಡಿ, ಶೆಡ್ಡಿನಲ್ಲಿ ಗಾಳಿ ಹೊಡೆಯುವ ಪಂಪಿನ ಸದ್ದು...