ತೆರೆಯ ಮೇಲೆ ನಿಂತ ಮುಖ

ತಾರೀಖು ೧೪, ಬುಧವಾರ

ಅಕ್ಕನ ಪಾದಾರವಿಂದಗಳಿಗೆ (ತೊಳೆದಿದ್ದರೆ ಮಾತ್ರ) ತಮ್ಮನ ಅನಂತಾನಂತ ನಮಸ್ಕಾರಗಳು.

ಇಲ್ಲಿ ಕಂಪ್ಯೂಟರ್ ಹೊರತು ಎಲ್ಲರೂ ಕ್ಷೇಮ. ಎರಡು ಭಾನುವಾರ ನೀನು ನಮ್ಮ ವಿಡಿಯೊ ಕಾಲ್‌ಗಾಗಿ ಹಾಸ್ಟೆಲಿನ ಕಂಪ್ಯೂಟರ್ ಮುಂದೆ ಕಾದು ಕೂತು, ಕೊನೆಗೆ ಶಪಿಸಿ ಎದ್ದುಹೋಗಿರುತ್ತೀಯ. ವಾರ್ಡನ್ ಅಮ್ಮ ನಿಮ್ಮ ಫೋನುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿರುವುದರಿಂದ ಈ ಕಾಗದ. ತಡವಾದುದಕ್ಕೆ ಕ್ಷಮೆಯಿರಲಿ. ನನ್ನ ಅಕ್ಷರ ನೋಡಿ ನಗಬೇಡ. ನರ್ಸಿಂಗ್ ಕಲಿಯುತ್ತಾ ಡಾಕ್ಟರ ಚೀಟಿ ಬಿಡಿಸಿ ಓದುವವಳಿಗೆ ಇದು ಯಾವ ಲೆಕ್ಕ!

ಈಗ ದುರಂತವನ್ನು ನಿವೇದಿಸಿಕೊಳ್ಳುತ್ತೇನೆ. ಹೋದ ಸಲ ಮಾತಿನ ಮಧ್ಯೆ ನನ್ನ ಮುಖ ತೆರೆಯ ಮೇಲೆ ನಿಂತುಹೋಯಿತಲ್ಲ? ಹಿಂದೆಲ್ಲ ಬೇಕೆಂದೇ ಗೊಂಬೆಯಂತೆ ಕೂತು ನಿನ್ನನ್ನು ಬೇಸ್ತು ಬೀಳಿಸುತ್ತಿದ್ದ ಕಲೆ ಬೇರೆ. ಈ ಸಲ ನೆಟ್‌ನದೇ ತಪ್ಪು ಎಂದು ಅಪ್ಪನಿಗೂ ಹೇಳಿದೆ.

"ಆ ಡಬ್ಬಕ್ಕೆ ವಯಸ್ಸಾಯ್ತು ಕಣೋ. ಅದೇನೋ ಲಿನಕ್ಸ್ ಹಾಕಿದ್ರೆ ಹೊಸದಾಗತ್ತೆ, ಪುಕ್ಕಟೆ ಬೇರೆ ಅಂತ ಕೊಚ್ಕೊಳ್ತಿದ್ದೆಯಲ್ಲ, ಹಾಕು!" ಅಂದರು.

ಹಾಕಿದೆ. ಕಂಪ್ಯೂಟರ್ ನಡೆಸುತ್ತಿದ್ದ ಹಳೆಯ ಸಾಫ್ಟ್‌ವೇರನ್ನು ಪೂರ್ತಿ ಅಳಿಸಿ ಲಿನಕ್ಸ್‌ಗೆ ಪಟ್ಟ ಕಟ್ಟಿದೆ. ತೆರೆ ಕನ್ನಡಿಯಂತೆ ಹೊಳೆಯಿತು. ಮೂಲೆಯಲ್ಲಿ ವೈಫೈ ಗುರುತು ಮಾತ್ರ ಇಲ್ಲ! ವೈಫೈ ಕಾರ್ಡಿಗೆ ಡ್ರೈವರ್ ಎಂಬ ಫೈಲು ಬೇಕಂತೆ. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಇಂಟರ್ನೆಟ್‌ಗೆ ವೈಫೈ ಬೇಕು. ಅಜ್ಜಿ ಇದನ್ನೆಲ್ಲ ಗಂಭೀರವಾಗಿ ಕೇಳಿ, "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ, ಅಷ್ಟೇ ತಾನೆ?" ಎಂದು ತೀರ್ಪು ಕೊಟ್ಟಳು.

ವೈರ್ ಎಳೆಯೋಣವೆಂದರೆ ವೈಫೈ ಪೆಟ್ಟಿಗೆ ಇರುವುದು ಮಹಡಿ ಮೇಲಿನ ಟೀಚರ್ ಮನೆಯಲ್ಲಿ. ಅವರು ಬೀಗ ಹಾಕಿಕೊಂಡು ಮಗಳ ಮನೆಗೆ ಹೋಗಿದ್ದಾರೆ. ಅಪ್ಪನದು ಗುಂಡಿ ಒತ್ತುವ ಫೋನು. ನನ್ನದು ಬಕೆಟ್‌ನಲ್ಲಿ ಜಲಸಮಾಧಿಯಾದದ್ದು ನಿನಗೇ ಗೊತ್ತು.

ಪೆನ್‌ಡ್ರೈವ್ ಹಿಡಿದು ಗಲ್ಲಿ ಕೊನೆಯ ಜೆರಾಕ್ಸ್ ಅಂಗಡಿಗೆ ಓಡಿದೆ. ಒಂದು ಫೈಲು ತಂದರೆ ಅದು ಇನ್ನೊಂದನ್ನು ಕೇಳಿತು, ಇನ್ನೊಂದು ಮತ್ತೊಂದನ್ನು. ಏಳನೇ ಸಲ ಅಂಗಡಿಯಣ್ಣ, "ಯಾಕಪ್ಪಾ ಚಪ್ಪಲಿ ಸವೆಸ್ತೀಯಾ? ಇಲ್ಲೇ ಹಾಸಿಗೆ ತಂದ್ಬಿಡು" ಅಂದ. ಅಲ್ಲಿಂದಲೇ ನಿನ್ನ ಜೊತೆ ಮಾತಾಡೋಣವೆಂದರೆ ಭಾನುವಾರ ಅವನ ಅಂಗಡಿ ಮುಚ್ಚಿರುತ್ತದೆ. ಮನೆಗೆ ಬಂದು ತೆರೆಯ ಮೇಲಿನ ಕಪ್ಪು ಕಿಟಕಿಯಲ್ಲಿ ಕಂಪ್ಯೂಟರಿಗೆ ಆಜ್ಞೆಯ ಮೇಲೆ ಆಜ್ಞೆ ಟೈಪ್ ಮಾಡುತ್ತೇನೆ, ಕೇಳುವವರೇ ಇಲ್ಲ. ನಮ್ಮ ಮನೆಯಲ್ಲಿ ಅಪ್ಪನ ಕಷ್ಟವೇನೆಂದು ಈಗ ಅರ್ಥವಾಯಿತು.

ಅಪ್ಪನ ವಿಷಯ ಬಂತಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿದುಕೊಡುತ್ತಾ, "ನಮ್ಮ ಹುಡುಗಿ ನರ್ಸ್ ಆಗ್ತಾಳೆ" ಎಂದು ಸ್ಟಾಪಿಗೊಮ್ಮೆ ಸಾರುತ್ತಾರೆ. ಕೇಳುತ್ತಾ ಕೂತು ಇಳಿಯುವ ಜಾಗ ತಪ್ಪಿಸಿಕೊಂಡವರಿದ್ದಾರೆ. ಮೊನ್ನೆ ಭಾನುವಾರ ಅಜ್ಜಿ ತಲೆ ಬಾಚಿಕೊಂಡು ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿ ಕೂತಳು. "ಇನ್ನೂ ಬರ್ಲಿಲ್ವೇನೋ ಹುಡುಗಿ?" ಅಂದಳು. ನಾನು ಒರೆಸಿದ ತೆರೆಯನ್ನೇ ಮತ್ತೆ ಒರೆಸಿದೆ.

ವಯಸ್ಸಿನಲ್ಲಿ ಕಿರಿಯ, ಬುದ್ಧಿಯಲ್ಲಿ ಇನ್ನೂ ಕಿರಿಯ. ಆದರೂ ಆಶೀರ್ವದಿಸುತ್ತಿದ್ದೇನೆ: ನಿನ್ನ ಹಾಸ್ಟೆಲಿನ ಸಾರು ಗಟ್ಟಿಯಾಗಲಿ, ವಾರ್ಡನ್ ಮೆತ್ತಗಾಗಲಿ.

ಇಂತಿ ನಿನ್ನ
ಕೋತಿ

ವಿ.ಸೂ.: ಆ ದಿನ ನೆಟ್ ನಿಂತಿರಲಿಲ್ಲ ಅಕ್ಕ. "ಇಲ್ಲಿರೋಕೆ ಆಗ್ತಿಲ್ಲ ಕಣೋ. ಮನೆಗೆ ಬಂದ್ಬಿಡ್ಲಾ? ಅಪ್ಪನಿಗೆ ನೀನೇ ಹೇಳ್ತೀಯಾ?" ಅಂದೆಯಲ್ಲ, ಪೂರ್ತಿ ಕೇಳಿಸಿತು. ಏನು ಹೇಳಬೇಕೋ ತಿಳಿಯದೆ, ಬಾಯಿ ಅರ್ಧ ತೆರೆದು, ರೆಪ್ಪೆ ಬಡಿಯದೆ ಕೂತುಬಿಟ್ಟೆ. ನೀನು "ಅಯ್ಯೋ, ನಿಂತೋಯ್ತು" ಎಂದು ಕಣ್ಣೊರೆಸಿಕೊಂಡು ಕಂಪ್ಯೂಟರ್ ಆರಿಸಿದೆ. ಅದನ್ನು ಹೇಳಲು ಅಪ್ಪನ ಮುಂದೆ ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಹಾಗೇ ನಿಂತೆ. ನಿನ್ನ ಮಂಚದ ಮೇಲೆ ಪೇರಿಸಿದ್ದ ನನ್ನ ಸಾಮಾನನ್ನೆಲ್ಲ ಇಳಿಸಿದ್ದೇನೆ. ಸದ್ಯಕ್ಕೆ ನನ್ನ ಕೈಲಾದದ್ದು ಅಷ್ಟೇ.