ಹದಿನಾಲ್ಕು ಗೆರೆ

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ಕೂದಲೆಳೆಯ ಹತ್ತನೇ ಒಂದು ಪಾಲನ್ನು ಬರಿಗಣ್ಣಿನಿಂದ ಅಳೆಯುವ ಮನುಷ್ಯ ಇಡೀ ಪ್ರಪಂಚದಲ್ಲಿ ಒಬ್ಬನೇ ಉಳಿದಿದ್ದಾನೆ. ಅವನು ನಿನ್ನ ಸೋದರಮಾವ. ನಾಲ್ಕನೇ ಕ್ಲಾಸಿನಲ್ಲೇ ಶಾಲೆಯ ಗಡಿಯಾರ ಬಿಚ್ಚಿ ಜೋಡಿಸಿದವನು ನಾನು. ಆಮೇಲೆ ಅದು ನಡೆಯಲಿಲ್ಲ, ಆ ಮಾತು ಬೇರೆ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಕೂದಲೆಳೆಯಷ್ಟು ಅಲುಗಾಟವನ್ನೂ ಸೂಜಿಯಲ್ಲಿ ತೋರಿಸುವ ನಿನ್ನ ಡಯಲ್ ಗೇಜಿನ ಪೆಟ್ಟಿಗೆಯೊಳಗೆ ಈ ಕಾಗದ ಇಟ್ಟು ನಿಮ್ಮಮ್ಮನ ಕೈಲಿ ಕಳಿಸುತ್ತಿದ್ದೇನೆ. ಅಕ್ಕ ಪೆಟ್ಟಿಗೆ ತೆರೆಯುವುದಿಲ್ಲ, ಸೂಜಿ ಕಂಡರೆ ಅವಳಿಗೆ ಭಯ.

ಗಾಲಿಕುರ್ಚಿಯ ಚಕ್ರ ಕೂರಲು ನಾನು ತೂತು ಕೊರೆದು ಕಳಿಸಿದ ಆ ನಲವತ್ತೆಂಟು ಅಲ್ಯೂಮಿನಿಯಂ ತುಂಡುಗಳಿವೆಯಲ್ಲ, ಸೋಮವಾರ ನಿಮ್ಮ ಕಾರ್ಖಾನೆಯಲ್ಲಿ ಜೋಡಿಸುವುದು? ಅವನ್ನು ಜೋಡಿಸಲು ಬಿಡಬೇಡ. ತೂತುಗಳು ದೊಡ್ಡವಾಗಿವೆ. ಒಂದೂ ಸರಿಯಿಲ್ಲ.

ಹೊಸ ಮಷೀನಿನಲ್ಲಿ ತೂತು ಕೊರೆಯುವ ಕಟರನ್ನು ಸುತ್ತಲೂ ಅಪ್ಪಿ ಹಿಡಿಯುವ ಕಾಲೆಟ್ಟಿನಲ್ಲೇ ಹಿಡಿಸು ಮಾವಾ, ಡ್ರಿಲ್ ಚಕ್‌ನಲ್ಲಿ ಬೇಡ, ಅದು ಪಕ್ಕದ ಒತ್ತಡ ತಡೆಯಲ್ಲ ಅಂತ ನೀನು ಹೇಳಿದ್ದೆ. ಹೂಂ ಅಂದೆ. ಕಾಲೆಟ್ ಬೇಕಾಗುವುದು ಮಣಿಕಟ್ಟಿನಲ್ಲಿ ಬಲವಿಲ್ಲದವರಿಗೆ ಅಂತ ಮನಸ್ಸಿನಲ್ಲೇ ನಕ್ಕೆ. ಡ್ರಿಲ್ ಚಕ್ಕಿಗೇ ಕಟರು ಸಿಕ್ಕಿಸಿ ಹಲ್ಲು ಕಚ್ಚಿ ಬಿಗಿದೆ. ಪಕ್ಕದ ಕೋಣೆಯಿಂದ ಅಕ್ಕ, “ಎರಡು ದಿನದಿಂದ ಊಟಕ್ಕೂ ಎದ್ದು ಬರ್ತಿಲ್ಲ, ಆ ಕಬ್ಬಿಣಾನೇ ಕಟ್ಕೊಂಡ್ಯೇನೋ?” ಅಂದಳು. “ನಿನ್ನ ಮಗಳಿಗಿಂತ ಹೇಳಿದ ಮಾತು ಕೇಳುತ್ತೆ ಕಣೇ,” ಅಂದೆ. ಸುಳ್ಳು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಕಟರು ಅಲುಗುತ್ತಿಲ್ಲ ಅನ್ನಲು ಸೂಜಿ ಸೊನ್ನೆಯಲ್ಲಿ ನಿಂತ ಫೋಟೋ ಕಳಿಸಿದ್ದೆನಲ್ಲ, ನೀನು ಅದನ್ನು ನಿಮ್ಮ ಕಾರ್ಖಾನೆಯ ಧಣಿಗೆ ತೋರಿಸಿ ನನಗೆ ಈ ಕೆಲಸ ಕೊಡಿಸಿದೆಯಲ್ಲ? ಆ ದಿನ ಸೂಜಿ ಕುಣಿಯುತ್ತಿತ್ತು. ಗೇಜೇ ಕೆಟ್ಟಿದೆ ಅಂದುಕೊಂಡೆ, ನನ್ನ ಕೈ ಕೆಡುವುದುಂಟೇ! ಗೇಜಿನ ಆಯಸ್ಕಾಂತವನ್ನು ಮಷೀನಿನ ತಲೆಗೇ ಅಂಟಿಸಿ, ಗೇಜಿನ ಮೊನೆಯನ್ನೂ ಕಟರಿನ ಬದಲು ಅದೇ ತಲೆಗೆ ತಾಗಿಸಿದೆ. ಸೊನ್ನೆ ತೋರಿಸದೆ ಇನ್ನೇನು ಮಾಡೀತು? ನನ್ನ ಹೆಗಲ ಮೇಲೆ ನಾನೇ ಕೂತು ಭಾರವೇ ಇಲ್ಲ ಅಂದ ಹಾಗಾಯಿತು.

ನಿನ್ನೆ ಇಲ್ಲೇ ಉಳಿದಿದ್ದ ಒಂದು ಹೆಚ್ಚುವರಿ ತುಂಡಿಗೆ ಚಕ್ರ ಹಾಕಿ ತಿರುಗಿಸಿದೆ. ಕುಡಿದವನಂತೆ ತೂರಾಡಿತು. ಆಗ ನೀನು ಕಲಿಸಿದಂತೆ ಗೇಜನ್ನು ಮಷೀನಿನ ಮೇಜಿಗೆ ನಿಲ್ಲಿಸಿ, ಅದರ ಮೊನೆಯನ್ನು ಕಟರಿಗೆ ತಾಗಿಸಿ, ಕಟರನ್ನು ಕೈಯಿಂದ ತಿರುಗಿಸಿದೆ. ಸೂಜಿ ಎರಡು ಗೆರೆ ದಾಟಬಾರದು ಅಂತ ನೀನು ಹೇಳಿದ್ದೆ. ಹದಿನಾಲ್ಕು ದಾಟಿತು. ಕನ್ನಡಕ ಒರೆಸಿಕೊಂಡು ಮತ್ತೆ ತಿರುಗಿಸಿದೆ. ಹದಿನಾಲ್ಕೇ. ಆ ಕುರ್ಚಿಯಲ್ಲಿ ಕೂರುವವರು ಎದ್ದು ಓಡಲಾರದವರು ಪುಟ್ಟಿ. ಇಳಿಜಾರಿನಲ್ಲಿ ಚಕ್ರ ಕಳಚಿದರೆ? ರಾತ್ರಿಯಿಂದ ಅದೊಂದೇ ಕಣ್ಣಿಗೆ ಕಟ್ಟುತ್ತಿದೆ.

ಧಣಿಗೆ ಹೇಗೆ ಹೇಳುವುದು ಅಂತ ನೀನು ಒದ್ದಾಡಬೇಡ. ಈ ಕಾಗದವನ್ನೇ ಅವರ ಮುಂದಿಡು. ಫೋಟೋ ಸುಳ್ಳು, ಮಾಡಿದವನು ನಾನು, ನನ್ನ ಅಕ್ಕನ ಮಗಳಿಗೆ ಗೊತ್ತಿರಲಿಲ್ಲ. ಇದರ ಕೆಳಗೆ ನನ್ನ ಸಹಿಯಿದೆ. ಆರು ವರ್ಷ ಬೆವರು ಸುರಿಸಿ ಗಳಿಸಿದ ನಿನ್ನ ಕೆಲಸ ನನ್ನ ಬಾಯಿಬಡಾಯಿಗೆ ಹೋದರೆ ನಾನು ಯಾವ ಮುಖ ಹೊತ್ತು ಬದುಕಲಿ? ಬೈಯಲಿ, ಬಡಿಯಲಿ, ಮಷೀನು ಹೊತ್ತೊಯ್ಯಲಿ. ನಿನ್ನನ್ನು ಮಾತ್ರ ಬಿಡಲಿ. ದಮ್ಮಯ್ಯ, ಇವತ್ತೇ ತೋರಿಸು.

ನಿನ್ನ ಕೈಲಾಗದ ಮಾವ

ಮರೆತಿದ್ದೆ: ಧಣಿಗೆ ಕೊಡುವ ಮುಂಚೆ ಈ ಸಾಲುಗಳನ್ನು ಹರಿದುಕೋ, ಇವು ನಿನಗೆ ಮಾತ್ರ. ಮಷೀನು ನನ್ನ ದುಡ್ಡಿನದು, ಹೋದರೆ ಎಂಟು ಸಾವಿರ ಹೋದೀತು ಅಂದಿದ್ದೆನಲ್ಲ, ಅದೂ ಸುಳ್ಳು. ನೀನು ತಿಂಗಳು ತಿಂಗಳು ಕಳಿಸಿದ್ದನ್ನು ನಿಮ್ಮಮ್ಮ ಮುಟ್ಟದೆ ಕೂಡಿಟ್ಟಿದ್ದಳು. ಆರು ತಿಂಗಳಲ್ಲಿ ಎರಡರಷ್ಟು ಮಾಡಿಕೊಡ್ತೀನಿ ಅಂತ ಕೇಳಿ ಇಸಕೊಂಡೆ. ಒಂದು ಲಕ್ಷದ ಎಂಬತ್ತೆರಡು ಸಾವಿರದ ನಾನೂರು, ಅಷ್ಟನ್ನೂ ಈ ಮಷೀನಿಗೇ ಸುರಿದೆ.